ಮೂರು ಉಳಿಸಬಾರದು ಎಂದವರಿಗೆ

ದಾವಣಗೆರೆ
ಫೆಬ್ರವರಿ 30, 2181

ಶ್ರೀ ಕೊಟ್ರೇಶಪ್ಪನವರಿಗೆ ಮತ್ತು ಶ್ರೀಮತಿ ನಾಗವೇಣಿಯವರಿಗೆ,

ತಾರೀಖು ತಪ್ಪಾಗಿದೆ ಎಂದುಕೊಳ್ಳಬೇಡಿ. ಕ್ಯಾಲೆಂಡರ್ ತಿದ್ದಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ನಮ್ಮಲ್ಲಿ ಅರವತ್ತು ವರ್ಷವಾಯಿತು. ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಮಾತನ್ನು ಹಳೆಯ ಕಡತಗಳಿಂದ ಕಲಿತು ಬರೆಯುತ್ತಿದ್ದೇನೆ, ಅಲ್ಲಲ್ಲಿ ಎಡವಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ಉಳಿದದ್ದಕ್ಕೆ ನೀವು ನನ್ನ ಕ್ಷಮೆ ಕೇಳಬೇಕು.

ಇದನ್ನು ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಹಿಂದಿನ ಕಾಲಕ್ಕೆ ಕಳಿಸುವ ಕಾಗದ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಓಲೆ, ಅದೂ ರಕ್ತಸಂಬಂಧಿಗಳಿಗೆ ಮಾತ್ರ. ಅದು ಮುಟ್ಟುತ್ತದೋ ಇಲ್ಲವೋ ಹೇಳುವವರಿಲ್ಲ. ನನ್ನ ಲೆಕ್ಕದಂತೆ 2026ರ ಆ ಗುರುವಾರ ಬೆಳಿಗ್ಗೆ, ನೀವಿಬ್ಬರೂ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿರುವಾಗ ಇದು ನಿಮ್ಮ ಕೈಗೆ ಬರಬೇಕು. ನಿಮ್ಮ ನಡುವೆ ಹಾಲಮ್ಮನವರು, ಕೊಟ್ರೇಶಪ್ಪನವರ ತಾಯಿ, ಕೂತಿರುತ್ತಾರೆ. ದಯವಿಟ್ಟು ಅವರಿಗೆ ಓದಿ ಹೇಳಬೇಡಿ.

ನಾನು ಯಾರು ಎಂದರೆ, ನಿಮ್ಮ ನಾಲ್ಕರಲ್ಲಿ ಒಬ್ಬಳು. ಎಂಟು ವರ್ಷ ಕಾದು, ಹೊಟ್ಟೆಯ ತುಂಬ ಸೂಜಿ ಚುಚ್ಚಿಸಿಕೊಂಡು ನೀವು ಮಾಡಿಸಿದ ಆ ನಾಲ್ಕು ಭ್ರೂಣಗಳಲ್ಲಿ ಒಂದು. ನಾನು ಹುಟ್ಟಿದ್ದು ನೂರ ಹದಿನಾಲ್ಕು ವರ್ಷದ ಮೇಲೆ, ಬೇರೆಯವರ ಹೊಟ್ಟೆಯಲ್ಲಿ. ಈಗ ನನಗೆ ನಲವತ್ತೊಂದು, ಬೆಂಚಿನ ಮೇಲಿರುವ ನಿಮಗಿಂತ ದೊಡ್ಡವಳು. ಅದಕ್ಕೇ ಅಪ್ಪ, ಅವ್ವ ಎಂದು ಬರೆಯಲು ಕೈ ಬರಲಿಲ್ಲ. ಬೇರೆ ಕಾರಣವೂ ಇದೆ, ಅದಕ್ಕೆ ಬರುತ್ತೇನೆ.

ನಮ್ಮ ಊರು ನೀವು ಕಂಡ ಹಾಗಿಲ್ಲ. ಬಿಸಿಲಿಗೆ ಹೆದರಿ ಅರ್ಧ ಮನೆಯನ್ನು ನೆಲದೊಳಗೆ ಕಟ್ಟುತ್ತೇವೆ. ಸಂತೆ ನಸುಕಿನಲ್ಲೇ ಮುಗಿಯುತ್ತದೆ, ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇನ್ನೂ ಇವೆ, ಗಾಬರಿಯಾಗಬೇಡಿ. ಹಳೇ ಹೆಸರುಗಳು ಮತ್ತೆ ಚಾಲ್ತಿಗೆ ಬಂದಿವೆ, ನನ್ನ ಹೆಸರು ಬಸಲಿಂಗವ್ವ. ಹಳೇ ಬಸ್ ಸ್ಟ್ಯಾಂಡ್ ಇದ್ದ ಕಡೆ ತಂಗುಮನೆ ಇದೆ. ನಿಮ್ಮ ಕಾಲದವರು ಹೊಟ್ಟೆಯಲ್ಲಿ ಹಾಕಿಸಿಕೊಳ್ಳದೆ, ಯಾರಿಗೂ ಕೊಡದೆ, ಬೇಡ ಎಂದೂ ಹೇಳದೆ ಬಿಟ್ಟುಹೋದ ಭ್ರೂಣಗಳನ್ನು ಹೆಪ್ಪುಗಟ್ಟಿಸಿ ಇಟ್ಟಿರುವ ಜಾಗ ಅದು. ದಾವಣಗೆರೆ ಒಂದರಲ್ಲೇ ಹನ್ನೊಂದು ಸಾವಿರ! ಅಲ್ಲಿಂದ ಬಂದವರನ್ನು ಸರ್ಕಾರದ ಕಾಗದಗಳಲ್ಲಿ ತಡಹುಟ್ಟಿನವರು ಎಂದು ಬರೆಯುತ್ತಾರೆ. ಶಾಲೆಯಲ್ಲಿ ನನ್ನನ್ನು ತಂಗಳು ಎಂದು ಕರೆಯುತ್ತಿದ್ದರು. ಒಂದು ದಿನ ಅತ್ತುಕೊಂಡು ಮನೆಗೆ ಬಂದಾಗ ನನ್ನ ಅವ್ವ, ಅಂದರೆ ನನ್ನನ್ನು ಹೆತ್ತ ಸಾವಂತ್ರವ್ವ, ಚಪ್ಪಲಿ ಮೆಟ್ಟಿಕೊಂಡು ಹೆಡ್‌ಮಾಸ್ತರರ ಹತ್ತಿರ ಹೋಗಿ ಮಾಡಿದ ರಂಪ ಈಗಲೂ ಆ ಶಾಲೆಯವರಿಗೆ ನೆನಪಿದೆ.

ತಂಗುಮನೆಯಿಂದ ನನ್ನ ಜೊತೆಗೇ ನಿಮ್ಮ ಕಡತವೂ ಬಂತು. ಕ್ಲಿನಿಕ್ಕಿನ ಸಿಸ್ಟರ್ ಫಿಲೋಮಿನಾ ಪುಣ್ಯಾತ್ಗಿತ್ತಿ, ಆಡಿದ ಒಂದೊಂದು ಮಾತನ್ನೂ ಬರೆದಿಟ್ಟಿದ್ದಾರೆ. ಮುಂದೆ ಆಗುವುದನ್ನು ಹಿಂದೋಲೆಯಲ್ಲಿ ಹೇಳಬಾರದು ಎಂಬ ನಿಯಮವಿದೆ. ನಿಯಮಕ್ಕಿಷ್ಟು ಬೆಂಕಿ ಹಾಕ.

ಒಂದೇ ಭ್ರೂಣ ಹಾಕೋಣ, ಮೂರನ್ನು ಇಟ್ಟಿರೋಣ, ಆಗಲಿಲ್ಲವೆಂದರೆ ಮತ್ತೆ ನೋಡೋಣ ಎಂದು ಡಾಕ್ಟರು ನಿಮಗೆ ಎರಡು ಸಲ ಬಿಡಿಸಿ ಹೇಳಿದ್ದಾರೆ. ನಾಗವೇಣಿಯವರ ಮೈಕಟ್ಟಿಗೆ, ಬಿಪಿಗೆ ಅವಳಿ ಆಗಿಬರುವುದಿಲ್ಲ, ದಿನ ತುಂಬುವ ಮೊದಲೇ ಹೆರಿಗೆಯಾದರೆ ಕೂಸುಗಳು ಉಳಿಯುವುದು ಕಷ್ಟ ಎಂದೂ ಹೇಳಿದ್ದಾರೆ. ಆಗ ಹಾಲಮ್ಮನವರು ಬಾಯಿ ಹಾಕಿದರು. ಮೂರು ಉಳಿಸಬಾರದಂತೆ! ಉಣ್ಣಲು ಕೂತವರಿಗೆ ಮೂರು ರೊಟ್ಟಿ ಬಡಿಸುತ್ತೇವೆಯೇ, ಮೂರು ಜನ ಸೇರಿ ಒಳ್ಳೇ ಕೆಲಸಕ್ಕೆ ಹೊರಡುತ್ತೇವೆಯೇ, ಎರಡು ಹಾಕಿಸಿ, ಎರಡು ಇರಲಿ, ಒಂದು ಗಂಡು ಒಂದು ಹೆಣ್ಣಾದರೆ ಒಂದೇ ಸಲಕ್ಕೆ ಮುಗೀತು ಎಂದರು. ಕೊಟ್ರೇಶಪ್ಪನವರೇ, ನೀವು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟರು. ನೀವು ಆಡಿದ ಮಾತನ್ನು ಸಿಸ್ಟರ್ ಬರೆದಿದ್ದಾರೆ: ಅವ್ವ ಹೇಳಿದಂಗೆ ಆಗಲಿ. ಅಷ್ಟೇ. ಯಾವ ಸೀಮೆಯ ಲೆಕ್ಕರೀ ಇದು? ರೊಟ್ಟಿಯ ಲೆಕ್ಕದಲ್ಲಿ ಹೆಂಡತಿಯ ಜೀವ, ಮಕ್ಕಳ ಜೀವ ಇಟ್ಟಿರಲ್ಲ, ನಿಮಗೆ ನಾಚಿಕೆಯಾಗಲಿಲ್ಲವೇ? ಇದನ್ನು ಓದಿದ ದಿನ ಕಡತವನ್ನು ಗೋಡೆಗೆ ಎಸೆದೆ.

ನಿಮ್ಮ ಆಸೆ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ತೊಟ್ಟಿಲ ಶಾಸ್ತ್ರಕ್ಕೆ ಕರೆದೂ ಕರೆಯದ ಹಾಗೆ ಕರೆದು, ಕೂಸನ್ನು ಕೈಗೆ ಕೊಡುವಾಗ ಹಿಂದೆಗೆದವರನ್ನು ನಾಗವೇಣಿಯವರು ಎಂಟು ವರ್ಷ ಸಹಿಸಿದ್ದಾರೆ. ಇನ್ನೊಂದು ಸಲ ಈ ಸೂಜಿ, ಈ ಬೆಂಚು ಬೇಡಪ್ಪಾ, ಎರಡೂ ಒಟ್ಟಿಗೆ ಆಗಿಬಿಡಲಿ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ನಾಗವೇಣಿಯವರೇ, ನಿಮಗೆ ಹಾಗೆ ಅನ್ನಿಸಿರಲಿಲ್ಲ. ಮೆಲ್ಲಗೆ ಒಂದು ಸಾಕು ಎಂದಿರಿ ಎಂದು ಕಡತದಲ್ಲಿದೆ. ಯಾರೂ ತಿರುಗಿ ನೋಡಲಿಲ್ಲ, ನೀವೂ ಮತ್ತೆ ಹೇಳಲಿಲ್ಲ. ಹಾಲಮ್ಮನವರ ಮೇಲೆ ನನಗಿರುವ ಸಿಟ್ಟಿಗಿಂತ ನಿಮ್ಮ ಆ ಸುಮ್ಮನಿರುವಿಕೆಯ ಮೇಲೆ ಹೆಚ್ಚು ಸಿಟ್ಟಿದೆ. ಹೊಟ್ಟೆ ನಿಮ್ಮದಾಗಿತ್ತಲ್ಲ ತಾಯೀ!

ಮುಂದಿನದು ನಿಮಗೆ ಇನ್ನೂ ಆಗಿಲ್ಲ, ನನ್ನ ಕಡತದಲ್ಲಿ ಆಗಿಹೋಗಿದೆ. ಎರಡು ಹಾಕಿದರು. ಎರಡೂ ನಿಂತವು. ಹಾಲಮ್ಮನವರು ಓಣಿಗೆಲ್ಲ ಸಕ್ಕರೆ ಹಂಚಿದರು. ಏಳನೇ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಗಂಡುಕೂಸು ಒಂಬತ್ತನೇ ದಿನ ತೀರಿಕೊಂಡಿತು. ಹೆಣ್ಣುಕೂಸು ಉಳಿಯಿತು, ವರ್ಣಿಕಾ ಎಂದು ಹೆಸರಿಟ್ಟಿರಿ. ಅವಳ ಕಣ್ಣು ಕಡೆಯವರೆಗೂ ಮಂಜಾಗಿಯೇ ಇತ್ತು. ಮಕ್ಕಳಿಲ್ಲದೆ, ಎಪ್ಪತ್ತೆರಡನೇ ವರ್ಷಕ್ಕೆ ಅವಳೂ ಹೋದಳು. ನಾನು ನೋಡದ ನನ್ನ ಅಕ್ಕ. ತನ್ನ ಬೆನ್ನಿಗೆ ಇನ್ನಿಬ್ಬರು ಇದ್ದಾರೆ ಎಂದು ಅವಳಿಗೆ ನೀವು ಹೇಳಲೇ ಇಲ್ಲ.

ಆ ಇನ್ನಿಬ್ಬರಲ್ಲಿ ಒಬ್ಬಳು ನಾನು. ಕೂಸು ಕಳೆದುಕೊಂಡ ಮೇಲೆ ಆ ಕ್ಲಿನಿಕ್ಕಿನ ಮೆಟ್ಟಿಲು ಹತ್ತಲಾರೆವು ಎಂದಿರಿ, ಅದು ಸರಿಯೇ. ಆದರೆ ಫಾರಂನಲ್ಲಿ ಒಂದು ಕಾಲಂ ಇತ್ತು. ಉಳಿದ ಭ್ರೂಣಗಳನ್ನು ನೀವೇ ಬಳಸುತ್ತೀರೋ, ಮಕ್ಕಳಿಲ್ಲದ ಬೇರೆಯವರಿಗೆ ಕೊಡುತ್ತೀರೋ, ಬೇಡವೆಂದು ಕರಗಿಸಿ ಬಿಟ್ಟುಬಿಡುತ್ತೀರೋ ಎಂದು ಕೇಳಿದ್ದರು. ಅದನ್ನು ನೀವು ತುಂಬಲಿಲ್ಲ. ಸಿಸ್ಟರ್ ಫಿಲೋಮಿನಾ ಹತ್ತೊಂಬತ್ತು ವರ್ಷ ತಪ್ಪದೆ ಫೋನ್ ಮಾಡಿದರು. ಮುಂದಿನ ವರ್ಷ ಹೇಳುತ್ತೇವೆ. ಮನೆಯಲ್ಲಿ ಮದುವೆ ಇದೆ. ಅತ್ತೆಗೆ ಹುಷಾರಿಲ್ಲ. ಯಜಮಾನರನ್ನು ಕೇಳಬೇಕು. ಕೊನೆಯ ವರ್ಷದ ಉತ್ತರ, ಆ ವಿಷಯ ಎತ್ತಬೇಡಿ. ಸಿಸ್ಟರ್ ನಿವೃತ್ತರಾದರು, ಫೋನ್ ನಿಂತಿತು. ನೀವು ಕೈ ತೊಳೆದುಕೊಂಡಿರಿ, ನಾವಿಬ್ಬರು ಅಲ್ಲೇ ಪಕ್ಕಪಕ್ಕದಲ್ಲಿ ಉಳಿದೆವು. ಕೊನೆಗೆ ಕಾನೂನು ಬದಲಾಗಿ, ಬೇಕಾದವರು ಕೇಳಿ ಪಡೆಯಬಹುದು ಎಂದಾಗ ಸಾವಂತ್ರವ್ವ ಬಂದು ನನ್ನನ್ನು ಆರಿಸಿಕೊಂಡಳು. ಇನ್ನೊಂದನ್ನು ಯಾರೂ ಕೇಳಲಿಲ್ಲ.

ಈಗ ತಂಗುಮನೆಯನ್ನು ಮುಚ್ಚುತ್ತಿದ್ದಾರೆ. ಉಳಿದ ಪ್ರತಿಯೊಂದಕ್ಕೂ ರಕ್ತಸಂಬಂಧಿಯೊಬ್ಬರು ಬಂದು ಅದೇ ಕಾಲಂ ತುಂಬಬೇಕು. ನಿಮ್ಮ ರಕ್ತದವರೆಂದು ಈ ಭೂಮಿಯ ಮೇಲೆ ಉಳಿದಿರುವವರು ನಾನು ಮತ್ತು ನನ್ನ ಮಕ್ಕಳು. ಇವತ್ತು ಸಂಜೆ ಆರಕ್ಕೆ ನನ್ನ ಸರದಿ. ನಾನೇ ಹೆರಲೇ? ನನ್ನ ಎರಡು ಮಕ್ಕಳನ್ನು ಸಾಕಿ ಸುಸ್ತಾಗಿದ್ದೇನೆ, ನನಗೆ ಇಷ್ಟವೂ ಇಲ್ಲ. ಕೊಡಲೇ? ಕೇಳಿದವರಿಲ್ಲ. ಸಾವಂತ್ರವ್ವನಂಥವರು ಎಲ್ಲರಿಗೂ ಸಿಗುವುದಿಲ್ಲ. ಬಿಟ್ಟುಬಿಡಲೇ? ನೂರ ಹದಿನಾಲ್ಕು ವರ್ಷ ನನ್ನ ಪಕ್ಕದಲ್ಲಿದ್ದದ್ದು ಅದು. ಈ ಸಂಕಟ ನಿಮ್ಮದಾಗಿತ್ತು ಕಣ್ರೀ. ಇಬ್ಬರು ಒಂದು ಮಧ್ಯಾಹ್ನ ಕೂತು ಅತ್ತು ಮುಗಿಸಬಹುದಾಗಿದ್ದ ಕೆಲಸವನ್ನು ನೂರೈವತ್ತೈದು ವರ್ಷ ಮುಂದೂಡಿ ನನ್ನ ತಲೆಗೆ ಕಟ್ಟಿದ್ದೀರಿ.

ಅದಕ್ಕೇ ನನ್ನ ಒಂದೇ ಓಲೆಯನ್ನು ನಿಮಗೆ ಬರೆದೆ. ಈಗ ನರ್ಸ್ ಹೆಸರು ಕೂಗುತ್ತಾರೆ. ಒಳಗೆ ಇಬ್ಬರೇ ಹೋಗಿ. ಒಂದೇ ಹಾಕಿ ಎಂದು ಹೇಳಿ. ಮೂರು ಉಳಿಯಲಿ, ಏನೂ ಆಗುವುದಿಲ್ಲ. ಆಮೇಲೆ ಆ ಮೂರಕ್ಕೂ ಏನು ಮಾಡಬೇಕೆಂದು ಬರೆದು, ಇಬ್ಬರೂ ಸಹಿ ಹಾಕಿ ಹೊರಗೆ ಬನ್ನಿ. ಹಾಗೆ ಮಾಡಿದರೆ ನಾನು ಹುಟ್ಟದೇ ಹೋಗಬಹುದು ಎಂದು ನನಗೆ ಗೊತ್ತಿದೆ. ನನ್ನ ಮಕ್ಕಳೂ ಇರುವುದಿಲ್ಲ. ಇಲ್ಲಿಯವರೆಗೆ ಬರೆದು ಎರಡು ಸಲ ಪೆನ್ನು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಬೇಕು ಎಂದು ಬರೆದರೆ ಬಂದು ಕರೆದುಕೊಂಡು ಹೋಗಿ. ಬೇಡವಾದರೆ ಬೇಡ ಎಂದೇ ಬರೆಯಿರಿ, ಸಹಿಸುತ್ತೇನೆ. ನಿಮ್ಮಿಂದ ನನಗೆ ಒಂದು ಮಾತೂ ಸಿಕ್ಕಿಲ್ಲ, ಅದೊಂದನ್ನು ಮಾತ್ರ ಸಹಿಸಲಾರೆ.

ಐದೂವರೆ ಆಯಿತು. ಆರಕ್ಕೆ ನನ್ನ ಮುಂದೆ ಇಡುವ ನಿಮ್ಮ ಆ ಹಳೇ ಫಾರಂನಲ್ಲಿ ಆ ಕಾಲಂ ಇನ್ನೂ ಖಾಲಿ ಇದ್ದರೆ, ಈ ಓಲೆ ನಿಮಗೆ ಮುಟ್ಟಲಿಲ್ಲ ಅಥವಾ ಮುಟ್ಟಿಯೂ ನೀವು ಸುಮ್ಮನಿದ್ದಿರಿ ಎಂದು ತಿಳಿಯುತ್ತೇನೆ. ಆಗ ಬಿಟ್ಟುಬಿಡಿ ಎಂದು ನಾನೇ ಬರೆಯುತ್ತೇನೆ. ಸಂಬಂಧ ಎಂಬಲ್ಲಿ ಅಕ್ಕ ಎಂದು ಬರೆಯುವುದಿಲ್ಲ, ತಾಯಿ ಎಂದು ಬರೆಯುತ್ತೇನೆ. ಆ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ.

ಇಂತಿ,
ಬಸಲಿಂಗವ್ವ
ಸಾವಂತ್ರವ್ವನ ಮಗಳು