ಹೆಣ್ಣು ಮೊಲದ ನೀರಿನ ಬಟ್ಟಲು

ಬೀಗಿತ್ತಿಯವರಿಗೆ,

ಮೊಮ್ಮಗಳು ರಜೆಗೆ ನನ್ನಲ್ಲಿಗೆ ಬರುವಾಗ ನಿಮ್ಮ ಮನೆಯಲ್ಲಿ ಬಿಟ್ಟ ಎರಡು ಮೊಲಗಳಲ್ಲಿ ಹೆಣ್ಣು ಸತ್ತಿತಲ್ಲ, ಏಕೆಂದು ಮೊಲಗಳ ಡಾಕ್ಟರಮ್ಮನಿಗೆ ನಾನೇ ಫೋನು ಮಾಡಿ ಕೇಳಿದೆ. ಎರಡಕ್ಕೂ ಹತ್ತಿದ್ದು ಕಣ್ಣಿಗೆ ಕಾಣದ ಒಂದೇ ಹುಳವಂತೆ. ಗಂಡಿಗೆ ಅದು ತಲೆಗೇರಿ ಕತ್ತು ವಾಲಿತು. ನೀವು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಗೆ ಓಡಿದಿರಿ. ಹೆಣ್ಣಿಗೆ ಮೂತ್ರಪಿಂಡಕ್ಕಿಳಿದು ತಡೆಯಲಾರದ ಬಾಯಾರಿಕೆ ಹತ್ತಿತು. "ಇವಳಿಗೇನು ರೋಗ? ಕುಡಿಯೋದು, ಚಾಪೆ ಒದ್ದೆ ಮಾಡೋದು. ಬರೀ ಕೊಬ್ಬು!" ಎಂದು ನೀರಿನ ಬಟ್ಟಲನ್ನೇ ಎತ್ತಿಟ್ಟಿರಿ; ಡಾಕ್ಟರಮ್ಮನಿಗೆ ನೀವೇ ಹೇಳಿದ್ದಂತೆ.

"ವಯಸ್ಸಾಗಿತ್ತು ಅಂತ ಹೇಳ್ಬಿಡಿ ಬೀಗ್ರೇ, ಮಗು ನೊಂದ್ಕೊಳ್ತಾಳೆ" ಎಂದು ಫೋನಿನಲ್ಲಿ ಬೆಣ್ಣೆ ಹಚ್ಚಿದಿರಿ. ನಾನು ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಮಗು ಅಳಲಿಲ್ಲ. "ಅಜ್ಜಿ, ಅದು ನೀರು ಕೇಳ್ತಾ ಇತ್ತಾ?" ಎಂದಳು. "ನಂಗೇನು ಗೊತ್ತು ಕಂದಾ, ಅಲ್ಲಿದ್ದೋರನ್ನೇ ಕೇಳು" ಎಂದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಬಡಿಸುತ್ತಿದ್ದೇನೆ, ಅಷ್ಟೆ.

ಭಾನುವಾರ ಗಂಡು ಮೊಲವನ್ನು ಕರೆದೊಯ್ಯಲು ಅವಳು ಬರುತ್ತಾಳೆ. ಬಾಗಿಲು ನೀವೇ ತೆಗೆಯಿರಿ, ನಿಮ್ಮ ಮಗನನ್ನು ಮುಂದೆ ಬಿಡಬೇಡಿ. ತಿಂಡಿಗಿಂಡಿ ಮಾಡುವುದು ಬೇಡ. ಅವಳು ಕೂರುವುದಿಲ್ಲ, ನಿಮ್ಮ ಬಾಯಿಂದ ಉತ್ತರ ಕೇಳಿಕೊಂಡು ಹೊರಡುತ್ತಾಳೆ.

ಇಂತಿ,
ನಿಮ್ಮ ಸೊಸೆಯ ತಾಯಿ