ಹೀಟರ್ ಕೆಟ್ಟಿಲ್ಲ

ವೆಂಡೆಲ್,

ಗ್ಯಾರೇಜಿನ ಗ್ಯಾಸ್ ಹೀಟರನ್ನು ಇನ್ನೊಮ್ಮೆ ಬಿಚ್ಚಬೇಡ. ಬುಧವಾರ ನೀನು ಚಾವಣಿಯ ಹಿಮವನ್ನೆಲ್ಲ ಹಿಂದಿನ ಗೋಡೆಯ ಕಡೆಗೆ ಎಳೆದು ಕೆಡವಿದೆಯಲ್ಲ, ಅದರಡಿ ಹೀಟರಿನ ಹೊಗೆ ಕೊಳವೆ ಹೂತುಹೋಗಿದೆ. ಹೊಗೆಗೆ ದಾರಿಯಿಲ್ಲದೆ ಅದು ಹೊತ್ತಿಕೊಳ್ಳುತ್ತಿಲ್ಲ. ಅದರ ಮೇಲಿನ ಕೆಂಪು ದೀಪ ಮೂರು ಮೂರು ಸಲ ಮಿನುಗಿ ಹೇಳುತ್ತಿರುವುದೂ ಅದನ್ನೇ.

ನನಗೆ ಮೊದಲ ದಿನವೇ ಗೊತ್ತಿತ್ತು. ನೀನು ಕೈಗವಸು ಬಿಚ್ಚಿ, ಆ ಕೊರೆಯುವ ಚಳಿಯಲ್ಲಿ ಸ್ಕ್ರೂ ತಿರುಗಿಸುವುದನ್ನು ಮೂರು ದಿನ ಕಾಫಿ ಕುಡಿಯುತ್ತಾ ಬಾಗಿಲ ಗಾಜಿನಿಂದ ನೋಡಿದೆ. ನಿನ್ನ ತಮ್ಮ ಲೈಲ್ ಎದುರಿಗೇ ಅಂದಿದ್ದೆಯಲ್ಲ, "ಗ್ಯಾರೇಜ್ ವಿಷ್ಯಕ್ಕೆ ಬಾಯಿ ಹಾಕ್ಬೇಡ ಆರ್ಡಿಸ್, ನಿಂಗೇನ್ ತಿಳಿಯತ್ತೆ" ಅಂತ. ಹಾಕಲಿಲ್ಲ.

ಬೆರಳಿಗೆ ಹಚ್ಚುವ ಮುಲಾಮು ಸಿಂಕಿನ ಪಕ್ಕದಲ್ಲಿದೆ. ನಿನ್ನೆ ರಾತ್ರಿಯೂಟಕ್ಕೆ ಮಾಡಿದ ಹಾಟ್‌ಡಿಶ್ ಓವನ್ನಿನಲ್ಲಿದೆ. ನಾನು ಮೈನಾಟಿಗೆ, ಅಕ್ಕನ ಮನೆಗೆ ಹೊರಟೆ; ಭಾನುವಾರ ಬರುತ್ತೇನೆ.

ಹಿಮ ಎತ್ತುವ ಸಲಿಕೆ ಹುಡುಕಬೇಡ. ನನ್ನ ಕಾರಿನಲ್ಲಿದೆ.