ಬಟ್ಟೆ ಕತ್ತರಿ

ಅತ್ತೆ,

ನೀವು ಕಣ್ಮುಚ್ಚಿದ ಮೇಲೆ ನಿಮ್ಮ ಮೊಮ್ಮಗಳಿಗೆ ಊಟ ಮಾಡಿಸಿ ಮಾಡಿಸಿ ನನಗೆ ಸಾಕುಬೇಕಾಗಿಹೋಗಿದೆ. ಬಾಳೆಹಣ್ಣು ಹಿಸುಕಿ ಕೊಟ್ಟರೆ ಗೋಡೆಗೆ ಬಳಿತಾಳೆ. ಬೇಯಿಸಿದ ಆಲೂಗಡ್ಡೆ ಬಾಯಿಗಿಟ್ಟರೆ ನುಂಗದೆ ಕೆನ್ನೆ ಉಬ್ಬಿಸಿಕೊಂಡು ಕೂತಿರ್ತಾಳೆ. ಪಕ್ಕದ ಮನೆ ನರ್ಸಮ್ಮ ಐದು ನಿಮಿಷದಲ್ಲಿ ಆಗೋ ತಿಂಡಿ ಅಂತ ಹೇಳಿಕೊಟ್ಟದ್ದೆಲ್ಲ ಮಾಡಿದೆ. ಮಾಡೋದು ಐದೇ ನಿಮಿಷ ನಿಜ, ಆಮೇಲೆ ನೆಲ ಒರೆಸೋದು ಅರ್ಧ ಗಂಟೆ.

ಇವತ್ತು ಬೆಳಿಗ್ಗೆ ಹೊಲಿಯಬೇಕಾದ ಯೂನಿಫಾರ್ಮಿನ ರಾಶಿ ಮೆಷಿನ್ ಮೇಲೆ ಹಾಗೇ ಬಿದ್ದಿತ್ತು. ತೆಳ್ಳಗೆ ಒಂದು ಆಮ್ಲೆಟ್ ಮಾಡಿಕೊಟ್ಟೆ. ತಟ್ಟೆ ತಳ್ಳಿದಳು. ನನಗೂ ತಲೆ ಕೆಟ್ಟಿತ್ತು. ಕೈಗೆ ಸಿಕ್ಕಿದ್ದು ನಿಮ್ಮ ಕತ್ತರಿ, ಬಟ್ಟೆ ಬಿಟ್ಟು ಬೇರೇನಕ್ಕೂ ಮುಟ್ಟಿಸಬಾರದು ಅಂತ ನೀವು ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿದ್ದ ಅದೇ ಕತ್ತರಿ. ಒಂದು ಸಲ ಅದರಲ್ಲಿ ನಾನು ಹಾಲಿನ ಪ್ಯಾಕೆಟ್ ಕತ್ತರಿಸಿದ್ದಕ್ಕೆ ನಮ್ಮಿಬ್ಬರಿಗೂ ವಾರಗಟ್ಟಲೆ ಮಾತಿರಲಿಲ್ಲ. ಅದರಲ್ಲೇ ಆಮ್ಲೆಟ್ಟನ್ನ ಕಾಲರ್, ತೋಳು, ಜೇಬು ಅಂತ ಕತ್ತರಿಸಿ ತಟ್ಟೆಗಿಟ್ಟೆ.

ಜೇಬು ತಿಂದಳು. ತೋಳೂ ತಿಂದಳು. "ಇನ್ನೊಂದು ಜೇಬು" ಅಂತ ಕೇಳಿದಳು, ನನ್ನ ಕಿವಿ ನಾನೇ ನಂಬಲಿಲ್ಲ.

ಮತ್ತೆ ಕತ್ತರಿ ಎತ್ತಿಕೊಂಡೆ. ಅವಳಿಗೆ ಅದೇನು ನೆನಪಾಯಿತೋ, ಸೊಂಟಕ್ಕೆ ಕೈಯಿಟ್ಟು, ಹುಬ್ಬು ಗಂಟಿಕ್ಕಿ, ಥೇಟ್ ನಿಮ್ಮ ದನಿಯಲ್ಲೇ ಗದರಿದಳು: "ಏಯ್, ಬಟ್ಟೆ ಕತ್ತರಿ ಅದು! ಕೆಳಗಿಡು!"

ಕೆಳಗಿಟ್ಟೆ, ಅತ್ತೆ. ಒಂದೂ ಎದುರುಮಾತಿಲ್ಲದೆ ಕೆಳಗಿಟ್ಟೆ.

ನೀವು ನೋಡಬೇಕಿತ್ತು.